ಡೌನ್ ಸಿಂಡ್ರೋಮ್ ಇರುವ ಪುಟ್ಟ ಮಗುವಿಗೆ ಸ್ಪೀಚ್ ಥೆರಪಿ ಯಾವಾಗ ಶುರು ಮಾಡಬೇಕು? ಹಾಸನ, ಚಿಕ್ಕಮಗಳೂರು ಕಡೆಯವರು ದಯವಿಟ್ಟು ಹೇಳಿ

ಮೂಡಿಗೆರೆ ಅಮ್ಮ:
ಎಲ್ಲರಿಗೂ ನಮಸ್ಕಾರ. ನಾವು ಮೂಡಿಗೆರೆ ಹತ್ತಿರದ ಹಳ್ಳಿಯವರು. ಮಗಳಿಗೆ ಒಂದೂವರೆ ವರ್ಷ ತುಂಬುತ್ತಾ ಬಂತು. ಡೌನ್ ಸಿಂಡ್ರೋಮ್ ಅಂತ ಹುಟ್ಟಿದ ಸ್ವಲ್ಪ ದಿನಕ್ಕೇ ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು. ಹೃದಯದಲ್ಲಿ ರಂಧ್ರ ಇತ್ತು, ಆಪರೇಷನ್ ಆಯಿತು. ಈಗ ಚೆನ್ನಾಗಿದ್ದಾಳೆ, ತೂಕ ಹಾಕುತ್ತಿದ್ದಾಳೆ, ಮಂಚ ಹಿಡಿದು ನಿಲ್ಲುತ್ತಾಳೆ. ಕೂಗುತ್ತಾಳೆ, ನಗುತ್ತಾಳೆ, ಆದರೆ ಅಮ್ಮ, ಅಪ್ಪ ಅಂತ ಒಂದೂ ಮಾತಿಲ್ಲ.

ಒಬ್ಬ ಡಾಕ್ಟರು "ಮೂರು ವರ್ಷ ಆಗಲಿ, ಆಮೇಲೆ ಥೆರಪಿ ನೋಡೋಣ" ಅಂದರು. ಅತ್ತೆ ಬಜೆ ತೇಯ್ದು ನಾಲಿಗೆಗೆ ಹಚ್ಚೋಣ ಅನ್ನುತ್ತಾರೆ. ಮಾತೇ ಬಾರದ ಮಗುವಿಗೆ ಮಾತಿನ ಥೆರಪಿ ಏನು ಮಾಡಿಸುತ್ತಾರೆ ಅಂತ ನನಗೂ ಗೊತ್ತಾಗುತ್ತಿಲ್ಲ. ಈ ವಯಸ್ಸಿಗೆ ಶುರು ಮಾಡಿದವರು ಇದ್ದೀರಾ? ಎಲ್ಲಿಗೆ ಹೋಗಬೇಕು?

ಬೇಲೂರು ಅಪ್ಪ:
ಅಕ್ಕ, ಕಾಯಬೇಡಿ. ಮೂರು ವರ್ಷ ತುಂಬಾ ತಡ. ನನ್ನ ಮಗನಿಗೆ ಈಗ ಏಳು ನಡೆಯುತ್ತಿದೆ, ಅವನಿಗೂ ಡೌನ್ ಸಿಂಡ್ರೋಮ್. ಥೆರಪಿ ಶುರುವಾದಾಗ ಅವನಿನ್ನೂ ಕೂರುತ್ತಲೂ ಇರಲಿಲ್ಲ.

ಮೊದಲು ಒಂದು ವಿಷಯ ಕೇಳುತ್ತೇನೆ. ಕಿವಿ ಪರೀಕ್ಷೆ ಮಾಡಿಸಿದ್ದೀರಾ? ಹುಟ್ಟಿದಾಗ ಮಾಡಿದ್ದಲ್ಲ, ಈಚೆಗೆ ಮಾಡಿಸಿದ್ದು ಹೇಳಿ.

ಮೂಡಿಗೆರೆ ಅಮ್ಮ:
ಹುಟ್ಟಿದಾಗ ಆಸ್ಪತ್ರೆಯಲ್ಲೇ ಮಾಡಿದ್ದರು ಅಣ್ಣ, ಪಾಸ್ ಅಂತ ಬರೆದಿದೆ. ಆಮೇಲೆ ಮಾಡಿಸಿಲ್ಲ. ಬಾಗಿಲು ಬಡಿದರೆ ಬೆಚ್ಚುತ್ತಾಳೆ, ಕೇಳಿಸುತ್ತದೆ ಅಂದುಕೊಂಡಿದ್ದೇವೆ.

ಬೇಲೂರು ಅಪ್ಪ:
ಬಾಗಿಲ ಸದ್ದು ಕೇಳಿಸಿದರೆ ಸಾಲದು. ನಮ್ಮ ಹುಡುಗನೂ ಹಾಗೇ, ಪಟಾಕಿಗೆ ಅಳುತ್ತಿದ್ದ, ಬೈಕ್ ಸದ್ದು ಕೇಳಿದರೆ ಹೊರಗೆ ನೋಡುತ್ತಿದ್ದ. ಆದರೆ ಮೆಲ್ಲಗೆ ಹೆಸರು ಕರೆದರೆ ಒಮ್ಮೊಮ್ಮೆ ತಿರುಗುತ್ತಿದ್ದ, ಒಮ್ಮೊಮ್ಮೆ ಇಲ್ಲ. ಮನೆಯಲ್ಲಿ ಎಲ್ಲರೂ "ಅವನಿಗೆ ಮೂಡ್ ಇಲ್ಲ" ಅನ್ನುತ್ತಿದ್ದರು. ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿಯಲ್ಲಿ ಪರದೆ ಹಿಂದೆ ನೀರು ತುಂಬಿತ್ತು. ಕೀವಲ್ಲ, ನೋವೂ ಇರಲಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡು ಪಾಠ ಕೇಳಿದ ಹಾಗೆ ಆಗಿತ್ತು ಅವನಿಗೆ.

ನಮ್ಮ ಮಲೆನಾಡು ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳ ಮೂಗು ಒಣಗುವುದೇ ಇಲ್ಲ. ಈ ಮಕ್ಕಳಿಗೆ ಅದು ಸೀದಾ ಕಿವಿಗೆ ಹೋಗುತ್ತದೆ. ಔಷಧಿಯಲ್ಲಿ ಕಡಿಮೆ ಆಗದೆ ಕೊನೆಗೆ ಇಎನ್‌ಟಿ ಡಾಕ್ಟರು ಕಿವಿಪರದೆಗೆ ಗ್ರಾಮೆಟ್ ಅಂತ ಪುಟ್ಟ ಕೊಳವೆ ಹಾಕಿದರು. ಆಮೇಲೆ ಕುಕ್ಕರ್ ಶಿಳ್ಳೆಗೂ ತಿರುಗಿ ನೋಡಲು ಶುರು ಮಾಡಿದ.

ಸ್ಪೀಚ್ ಥೆರಪಿಸ್ಟ್, ಹಾಸನ:
ಬೇಲೂರಿನವರು ಸರಿಯಾಗಿ ಹೇಳಿದ್ದಾರೆ. ನಾನು ಇದೇ ಕೆಲಸ ಮಾಡುವವಳು, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುತ್ತದೆ. 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್ ತಂಡ ಇದನ್ನು ಪ್ರಕಟಿಸಿತು. ತಾಯಿ ಏನು ತಿಂದಳು, ಯಾವ ಗ್ರಹಣದಲ್ಲಿ ಹೊರಗೆ ಬಂದಳು ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇನ್ನೂ ಆ ಮಾತು ಕೇಳಿಸಿಕೊಳ್ಳುವ ತಾಯಂದಿರು ನನ್ನ ಹತ್ತಿರ ಬರುತ್ತಾರೆ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಈ ಮಕ್ಕಳ ಕಿವಿಯ ನಾಳ ಕಿರಿದು. ಮೂಗಿನ ಹಿಂಭಾಗಕ್ಕೂ ಕಿವಿಗೂ ಇರುವ ಕೊಳವೆ ಸರಿಯಾಗಿ ತೆರೆಯುವುದಿಲ್ಲ. ಹಾಗಾಗಿ ಒಳಗೆ ನೀರು ನಿಲ್ಲುವುದು ತುಂಬಾ ಸಾಮಾನ್ಯ. ಹುಟ್ಟಿದಾಗ ಪಾಸ್ ಆದ ಕಿವಿಯಲ್ಲೂ ಆರು ತಿಂಗಳಿಗೆ ತೊಂದರೆ ಬರಬಹುದು. ಚಿಕ್ಕ ವಯಸ್ಸಿನಲ್ಲಿ ಆರು ತಿಂಗಳಿಗೊಮ್ಮೆ ಪರೀಕ್ಷೆ ಬೇಕೇ ಬೇಕು. ಒಳಕಿವಿ ಸದ್ದಿಗೆ ಸ್ಪಂದಿಸುತ್ತದಾ ಅಂತ ನೋಡುವ ಒಎಇ ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ಟಿಂಪನೋಮೆಟ್ರಿಯಲ್ಲಿ ಪರದೆ ಹಿಂದೆ ನೀರಿದೆಯಾ ಅಂತ ತಿಳಿಯುತ್ತದೆ. ಸದ್ದು ಕಿವಿಯಿಂದ ಮೆದುಳಿನ ಕಡೆಗೆ ತಲುಪುತ್ತದಾ ಅಂತ ನೋಡುವ ಬೆರಾ ಅನ್ನುವ ಪರೀಕ್ಷೆಗೆ ಮಗು ನಿದ್ದೆ ಮಾಡುತ್ತಿರಬೇಕು. ಬೆಳಿಗ್ಗೆ ಬಸ್ಸಿನಲ್ಲಿ ಮಲಗಿಸಿಬಿಟ್ಟರೆ ಅಲ್ಲಿ ಮಲಗುವುದಿಲ್ಲ, ಇದೊಂದು ನೆನಪಿಡಿ.

ಥೈರಾಯ್ಡ್ ಕೂಡ ವರ್ಷಕ್ಕೊಮ್ಮೆ ನೋಡಿಸಿ. ಅದು ಕಡಿಮೆ ಇದ್ದರೆ ಮಗು ಮಂಕಾಗಿರುತ್ತದೆ, ಕಲಿಕೆಯೂ ನಿಧಾನ ಆಗುತ್ತದೆ, ನಾವು ಎಲ್ಲವನ್ನೂ ಸಿಂಡ್ರೋಮ್ ತಲೆಗೆ ಕಟ್ಟುತ್ತೇವೆ.

ಇನ್ನು ಮಾತು ಬಾರದ ಮಗುವಿಗೆ ಮಾತಿನ ಥೆರಪಿ ಏನು ಅಂತ ಕೇಳಿದಿರಿ. ಮಾತು ಅನ್ನುವುದು ಮೊದಲ ಪದದಿಂದ ಶುರುವಾಗುವುದಲ್ಲ. ಮಗು ನಿಮ್ಮ ಮುಖ ನೋಡುವುದು, ನೀವು "ಊ" ಅಂದಾಗ ತಾನೂ "ಊ" ಅನ್ನುವುದು, ನೀವು ತೋರಿಸಿದ ಕಡೆ ನೋಡುವುದು, ಬೇಕಾದ್ದಕ್ಕೆ ಕೈ ಚಾಚುವುದು, ಇವೆಲ್ಲ ಮಾತೇ. ನಿಮ್ಮ ಮಗಳು ಕೂಗುತ್ತಾಳೆ, ನಗುತ್ತಾಳೆ ಅಂದಿರಿ. ಕೆಲಸ ಅಲ್ಲಿಂದಲೇ ಶುರು. ಹಾಲು ಕುಡಿಯುವುದಕ್ಕೆ, ಅಗಿಯುವುದಕ್ಕೆ ಕಷ್ಟಪಡುವ ಕೂಸುಗಳನ್ನು ನಾವು ಹುಟ್ಟಿದ ತಿಂಗಳಲ್ಲೇ ನೋಡುತ್ತೇವೆ.

ಮೊದಲ ಪದ ಈ ಮಕ್ಕಳಲ್ಲಿ ತಡವಾಗಿಯೇ ಬರುತ್ತದೆ. ಕೆಲವರಿಗೆ ಒಂದೂವರೆ ವರ್ಷಕ್ಕೆ, ಬಹಳ ಜನಕ್ಕೆ ಎರಡು ಮೂರು ವರ್ಷಕ್ಕೆ, ಕೆಲವರಿಗೆ ಇನ್ನೂ ತಡ. ಒಬ್ಬೊಬ್ಬರದು ಒಂದೊಂದು ಥರ. ಆದರೆ ಎಲ್ಲರಲ್ಲೂ ಸಾಮಾನ್ಯವಾಗಿ ಕಾಣುವುದು ಒಂದಿದೆ. ಅವರಿಗೆ ಅರ್ಥ ಆಗುವುದು ಜಾಸ್ತಿ, ಹೇಳಲು ಆಗುವುದು ಕಡಿಮೆ. ಹೇಳಲಾಗದ ಮಗುವಿಗೆ ಗೊತ್ತೇ ಇಲ್ಲ ಅಂತ ತಿಳಿದು ಅದರ ಜೊತೆ ಮಾತು ಕಡಿಮೆ ಮಾಡಿಬಿಡುತ್ತಾರಲ್ಲ, ಅದು ನನಗೆ ನಿಜವಾಗಿ ಸಂಕಟ ಆಗುವ ವಿಷಯ.

ಸಕಲೇಶಪುರ ರೈಟರ್:
ನಾನು ಎಸ್ಟೇಟಿನಲ್ಲಿ ರೈಟರ್ ಕೆಲಸದಲ್ಲಿದ್ದೇನೆ. ತಂಗಿ ಮಗನಿಗೆ ಎರಡು ವರ್ಷ, ಅದೇ ತೊಂದರೆ. ಲೈನ್ ಮನೆಯಲ್ಲಿ ಇರುವವರು, ಕಾಫಿ ಕೊಯ್ಲು ಶುರುವಾದರೆ ಇಬ್ಬರೂ ಬೆಳಿಗ್ಗೆ ಹೋದರೆ ಸಂಜೆಯೇ. ವಾರಕ್ಕೆ ಎರಡು ಸಲ ಹಾಸನಕ್ಕೆ ಬನ್ನಿ ಅಂದರು. ಒಂದು ದಿನ ಹೋದರೆ ಆ ದಿನದ ಕೂಲಿ ಹೋಯಿತು. ಅರ್ಧ ಗಂಟೆ ಥೆರಪಿಗೆ ಇಡೀ ದಿನ ಹೋಗುತ್ತದೆ. ಇದರಿಂದ ಉಪಯೋಗ ಇದೆಯಾ?

ಇನ್ನೊಂದು, ಅಲ್ಲಿ ಕೈಸನ್ನೆ ಕಲಿಸುತ್ತಾರಂತೆ. ಸನ್ನೆ ಕಲಿತರೆ ಹುಡುಗ ಮಾತೇ ಆಡುವುದಿಲ್ಲ, ಮೂಗನ ಹಾಗೆ ಆಗುತ್ತಾನೆ ಅಂತ ತಂಗಿ ಅಳುತ್ತಾಳೆ.

ಸ್ಪೀಚ್ ಥೆರಪಿಸ್ಟ್, ಹಾಸನ:
ಸರ್, ವಾರಕ್ಕೆ ಎರಡು ಸಲ ಆಗದಿದ್ದರೆ ತಿಂಗಳಿಗೆ ಒಂದೋ ಎರಡೋ ಸಲ ಬರುತ್ತೇವೆ, ಮನೆಯಲ್ಲಿ ಮಾಡುವುದನ್ನು ನಮಗೆ ಕಲಿಸಿಕೊಡಿ ಅಂತ ಬಾಯಿಬಿಟ್ಟು ಕೇಳಿ. ನನ್ನ ಅಭಿಪ್ರಾಯ ಖಂಡಿತ: ಬಾಗಿಲು ಹಾಕಿಕೊಂಡು ಮಗುವನ್ನು ಒಳಗೆ ಕರೆದುಕೊಂಡು ಹೋಗಿ, ಅಪ್ಪ ಅಮ್ಮನನ್ನು ಹೊರಗೆ ಬೆಂಚಿನ ಮೇಲೆ ಕೂರಿಸುವ ಥೆರಪಿ ಇಷ್ಟು ಚಿಕ್ಕ ಮಕ್ಕಳಿಗೆ ಸಾಲದು. ಮಗು ನನ್ನ ಜೊತೆ ಇರುವುದು ಅರ್ಧ ಗಂಟೆ. ಉಳಿದ ಹೊತ್ತೆಲ್ಲ ನಿಮ್ಮ ಜೊತೆ. ನೀವು ಒಳಗೆ ಕೂತು ನೋಡಬೇಕು, ನಿಮ್ಮ ಕೈಯಲ್ಲೇ ಮಾಡಿಸಬೇಕು, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಲು ಬಿಡಬೇಕು. ಹಗಲು ಮಗುವನ್ನು ನೋಡಿಕೊಳ್ಳುವುದು ಅಜ್ಜಿಯಾದರೆ ಅಜ್ಜಿಯನ್ನೇ ಕರೆತನ್ನಿ.

ಸನ್ನೆಯ ಭಯ ಎಲ್ಲರಿಗೂ ಇದೆ. ಆದರೆ ಸನ್ನೆ ಮಾತನ್ನು ತಡೆಯುವುದಿಲ್ಲ. ಈ ಮಕ್ಕಳು ಕೇಳಿ ನೆನಪಿಡುವುದಕ್ಕಿಂತ ನೋಡಿ ನೆನಪಿಡುವುದರಲ್ಲಿ ಮುಂದು. ನಾಲಿಗೆ ತುಟಿಯ ಸ್ನಾಯು ಸಡಿಲ, ಬಾಯಿಯ ಒಳಗೆ ಜಾಗ ಕಡಿಮೆ, ಹಾಗಾಗಿ ಮಾತು ಹೊರಡಲು ಹೊತ್ತು ಬೇಕು. ಅಷ್ಟರವರೆಗೆ ಕೈ ಮಾತಾಡಲಿ. ಒಂದೇ ಶರತ್ತು, ಸನ್ನೆ ಮಾಡುವಾಗ ಬಾಯಲ್ಲೂ ಆ ಪದ ಹೇಳಲೇಬೇಕು. ಸುಮ್ನೆ ಕೈ ಮಾತ್ರ ಆಡಿಸಬಾರದು. ಮಾತು ಬರುತ್ತಾ ಬಂದ ಹಾಗೆ ಮಕ್ಕಳು ತಾವೇ ಸನ್ನೆ ಬಿಡುತ್ತಾರೆ.

ಬೇಲೂರು ಅಪ್ಪ:
ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಹೇಳಿಬಿಡುತ್ತೇನೆ.

ನಮಗೆ ಮೊದಲು ಕಲಿಸಿದ್ದು ಐದಾರು ಸನ್ನೆ. ಹಾಲು, ಇನ್ನೂ, ಸಾಕು, ಬಾ, ಎತ್ಕೋ. "ಇನ್ನೂ" ಅನ್ನುವುದಕ್ಕೆ ಎರಡೂ ಕೈಯ ಬೆರಳ ತುದಿ ಕೂಡಿಸಿ ತಟ್ಟುವುದು. ನನ್ನ ಹೆಂಡತಿ ಬೆಳಿಗ್ಗೆ ಅಕ್ಕಿ ರೊಟ್ಟಿ ಮಾಡುವಾಗ ಅವನನ್ನು ಕಟ್ಟೆ ಪಕ್ಕ ಕುರ್ಚಿಯಲ್ಲಿ ಕೂರಿಸುತ್ತಿದ್ದಳು. ತಟ್ಟೆ ತುಂಬಾ ಕೊಡುತ್ತಿರಲಿಲ್ಲ, ಬೆಣ್ಣೆ ಸವರಿ ಒಂದು ಸಣ್ಣ ಚೂರು. ತಿಂದು ಮುಗಿಸಿ ಅವನು ಮುಖ ನೋಡುತ್ತಿದ್ದ. ಅವಳು "ಇನ್ನೂ?" ಅಂತ ಬೆರಳು ತಟ್ಟಿ ತೋರಿಸಿ ಸುಮ್ಮನಾಗುತ್ತಿದ್ದಳು. ಆ ಸುಮ್ಮನಿರುವುದೇ ಕಷ್ಟ. ನಮ್ಮಮ್ಮ "ಪಾಪ, ಕೊಡೇ ಮಗುಗೆ" ಅಂತ ಗದರುತ್ತಿದ್ದರು. ಮನಸ್ಸಲ್ಲೇ ಹತ್ತರವರೆಗೆ ಎಣಿಸಿ ಅಂತ ನಮಗೆ ಹೇಳಿಕೊಟ್ಟಿದ್ದರು. ಏಳೋ ಎಂಟೋ ಆಗುವ ಹೊತ್ತಿಗೆ ಅವನ ಕೈ ಮೇಲೆ ಬರುತ್ತಿತ್ತು. ಬೆರಳು ಸರಿಯಾಗಿ ಕೂಡುತ್ತಿರಲಿಲ್ಲ, ಮುಷ್ಟಿಗೆ ಮುಷ್ಟಿ ತಾಗಿಸುತ್ತಿದ್ದ. ಅದಕ್ಕೂ ತಕ್ಷಣ ರೊಟ್ಟಿ ಕೊಡುತ್ತಿದ್ದಳು. ಕೆಲವು ತಿಂಗಳ ಮೇಲೆ ಕೈ ಜೊತೆ "ಇಂ" ಅಂತ ಸದ್ದು ಬಂತು. ಆಮೇಲೆ "ಇನ್ನೂ" ಬಂತು, ಕೈ ಹೋಯಿತು. ಈಗ "ಅಮ್ಮ ಇನ್ನೊಂದ್ ರೊಟ್ಟಿ ಕೊಡು" ಅನ್ನುತ್ತಾನೆ. ಹೊರಗಿನವರಿಗೆ ಎಲ್ಲ ಪದ ಸ್ಪಷ್ಟ ಆಗುವುದಿಲ್ಲ, ನಮಗೆ ಆಗುತ್ತದೆ.

ರೈಟರ್ ಸರ್, ನಿಮ್ಮ ತಂಗಿಗೆ ಇದನ್ನು ಓದಿ ಹೇಳಿ.

ಕೊಪ್ಪ ಕೊಂಕಣಿ:
ನಮ್ಮ ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ಮಗಳಿಗೆ ನಾಲ್ಕು ವರ್ಷ. "ಇಂಥ ಮಗುವಿಗೆ ಎರಡು ಭಾಷೆ ಹೊರೆ, ಕೊಂಕಣಿ ನಿಲ್ಲಿಸಿ, ಮುಂದೆ ಶಾಲೆಗೆ ಇಂಗ್ಲಿಷ್ ಬೇಕು, ಅದನ್ನೇ ಮಾತಾಡಿ" ಅಂತ ಒಂದು ಕಡೆ ಹೇಳಿದರು. ನನ್ನ ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಅವರು ಮೊಮ್ಮಗಳ ಹತ್ತಿರ ಮಾತಾಡುವುದನ್ನೇ ಬಿಟ್ಟರು. ಇದು ಸರಿಯಾ ಮೇಡಂ?

ಸ್ಪೀಚ್ ಥೆರಪಿಸ್ಟ್, ಹಾಸನ:
ಸರಿಯಲ್ಲ. ಇವತ್ತೇ ಅತ್ತೆಗೆ ಹೇಳಿ, ಕೊಂಕಣಿಯಲ್ಲೇ ಮಾತಾಡಲಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳು ಎರಡು ಭಾಷೆ ಕಲಿಯುತ್ತಾರೆ, ಎರಡನೇ ಭಾಷೆಯಿಂದ ಮೊದಲನೆಯದು ಹಾಳಾಗುವುದಿಲ್ಲ ಅಂತ ಅಧ್ಯಯನಗಳು ತೋರಿಸಿವೆ. ಮನೆಯವರಿಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಗುವಿಗೆ ಹೆಚ್ಚು ಮಾತು ಸಿಗುತ್ತದೆ. ಬಾರದ ಇಂಗ್ಲಿಷಿನಲ್ಲಿ "ಕಮ್, ಸಿಟ್, ಈಟ್" ಅಂತ ಮೂರು ಪದ ಹೇಳಿದರೆ ಏನು ಬಂತು? ತುಳು, ಬ್ಯಾರಿ, ಉರ್ದು, ತಮಿಳು ಮನೆಗಳಿಗೂ ಇದೇ ಉತ್ತರ.

ಚಿಕ್ಕಮಗಳೂರು ಪೇರೆಂಟ್:
ನಾವು ಆನ್‌ಲೈನಿನಲ್ಲಿ ಒಂದು ಕಿಟ್ ತರಿಸಿದೆವು. ಊದುವ ಪೀಪಿಗಳು, ನಾಲಿಗೆಗೆ ವೈಬ್ರೇಟರ್, ತುಟಿಗೆ ಹಿಡಿಸುವ ಬಟನ್. ದುಬಾರಿಯೇ. ಬಾಯಿಯ ಸ್ನಾಯು ಗಟ್ಟಿಯಾದರೆ ಮಾತು ತಾನೇ ಬರುತ್ತದೆ ಅಂತಾರೆ. ಎಲ್ಲರೂ ಪ್ರಯತ್ನ ಮಾಡಬಹುದು.

ಸ್ಪೀಚ್ ಥೆರಪಿಸ್ಟ್, ಹಾಸನ:
ಇದಕ್ಕೆ ನಾನು ಒಪ್ಪುವುದಿಲ್ಲ. ಪೀಪಿ ಊದುವುದನ್ನು ಕಲಿತ ಮಗು ಪೀಪಿ ಊದುತ್ತದೆ. ಅದರಿಂದಲೇ ಮಾತು ಬರುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಮಾತಿಗೆ ಬೇಕಾದ ಬಾಯಿಯ ಕೆಲಸ ಮಾತಿನ ಸದ್ದು ಮಾಡಿಯೇ ಬರಬೇಕು. ಪ, ಬ, ಮ ತುಟಿಯ ಸದ್ದುಗಳು, ಮಗುವಿನ ಕಣ್ಣಿಗೆ ಕಾಣುತ್ತವೆ. ಅದಕ್ಕೇ "ಬಾ", "ಪಾಪು", "ಮಮ್ಮು", "ಅಂಬಾ" ಇಂಥವುಗಳಿಂದ ಶುರು ಮಾಡಿ. ನಿಮ್ಮ ಮುಖ ಮಗುವಿನ ಮುಖದ ಮಟ್ಟಕ್ಕೆ ತನ್ನಿ. ದುಡ್ಡು ಉಳಿಸಿ ಬಸ್ ಚಾರ್ಜಿಗೆ ಇಟ್ಟುಕೊಳ್ಳಿ.

ಊಟದ ವಿಷಯ ಬೇರೆ. ಒಂದು ವರ್ಷ ದಾಟಿದ ಮೇಲೂ ಎಲ್ಲವನ್ನೂ ಮಿಕ್ಸಿಗೆ ಹಾಕಿ ರಾಗಿ ಸರಿ ಥರ ಕುಡಿಸುವ ಮನೆಗಳಿವೆ. ಮಗು ಕೂರಲು ಕಲಿತಿದ್ದರೆ ಮೆತ್ತಗಿನ ಕಡುಬು, ಹಿಸುಕಿದ ಅನ್ನ, ಬೆಂದ ತರಕಾರಿ ಅಂತ ಒಂದೊಂದೇ ಮೆಟ್ಟಿಲು ಮೇಲೆ ಹೋಗಬೇಕು. ನೀರು ಕುಡಿಯುವಾಗ ಪದೇ ಪದೇ ಕೆಮ್ಮಿದರೆ ಅಥವಾ ಎದೆಯಲ್ಲಿ ಗೊರಗೊರ ಅಂದರೆ ಕಾಯದೆ ಡಾಕ್ಟರಿಗೆ ತೋರಿಸಿ.

ಚಿಕ್ಕಮಗಳೂರು ಪೇರೆಂಟ್:
ನಮ್ಮ ಹುಡುಗ ಪೀಪಿ ಊದುವಾಗ ಖುಷಿಯಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೆ ಮೇಡಂ. ಅದೂ ಬೇಡವಾ?

ಸ್ಪೀಚ್ ಥೆರಪಿಸ್ಟ್, ಹಾಸನ:
ಆಟಕ್ಕೆ ಖಂಡಿತ ಇರಲಿ! ನೀವು ಒಂದು ಸಲ ಊದಿ, ಅವನ ಕೈಗೆ ಕೊಡಿ, "ನಿನ್ನ ಸರದಿ" ಅನ್ನಿ. ಸರದಿ ಕಾಯುವುದು ಮಾತುಕತೆಯ ಬುನಾದಿ. ಅದಕ್ಕೆ ಜಾತ್ರೆಯ ಹತ್ತು ರೂಪಾಯಿ ಪೀಪಿ ಸಾಕು.

ಅರಸೀಕೆರೆ ಅಂಗನವಾಡಿ:
ನಾನು ಅಂಗನವಾಡಿ ಕಾರ್ಯಕರ್ತೆ. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರದ ಆರ್‌ಬಿಎಸ್‌ಕೆ ಕಾರ್ಯಕ್ರಮ 2013ರಿಂದ ಇದೆ, ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ. ಅದರ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಕೂಡ ಇದೆ. ತಂಡದವರು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಆ ದಿನ ಮಗುವನ್ನು ಕರೆದುಕೊಂಡು ಬನ್ನಿ, ಮನೆಯಲ್ಲಿ ಮುಚ್ಚಿಡಬೇಡಿ. ಅವರು ಜಿಲ್ಲಾ ಮಟ್ಟದ ಡಿಇಐಸಿ, ಅಂದರೆ ಚಿಕ್ಕ ವಯಸ್ಸಿನಲ್ಲೇ ಚಿಕಿತ್ಸೆ ಕೊಡುವ ಕೇಂದ್ರಕ್ಕೆ ಚೀಟಿ ಬರೆದುಕೊಡುತ್ತಾರೆ. ಅಲ್ಲಿ ದುಡ್ಡು ಕೊಡಬೇಕಿಲ್ಲ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ದಾರಿ ಹೇಳುತ್ತಾರೆ.

ನಮ್ಮ ಕೇಂದ್ರಕ್ಕೆ ಇಂಥ ಒಬ್ಬ ಹುಡುಗಿ ಬರುತ್ತಾಳೆ. ಬೇರೆ ಮಕ್ಕಳು ಅವಳ ಸನ್ನೆ ನಮಗಿಂತ ಬೇಗ ಕಲಿತವು. ಊಟದ ಹೊತ್ತಿಗೆ ಎಲ್ಲವೂ ಕೈಯಲ್ಲೇ "ಸಾಕು" ಅನ್ನುತ್ತವೆ.

ಬೇಲೂರು ಅಪ್ಪ:
ದೊಡ್ಡ ಜಾಗ ಅಂದರೆ ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1965ರಲ್ಲಿ ಶುರುವಾದದ್ದು, ಕೇಂದ್ರ ಸರ್ಕಾರದ್ದು. ಕಿವಿ, ಮಾತು ಎರಡನ್ನೂ ಒಂದೇ ಕಡೆ ನೋಡುತ್ತಾರೆ, ಕನ್ನಡದಲ್ಲೇ ವಿವರಿಸುತ್ತಾರೆ. ಹಾಸನದಿಂದ ಹೊಳೆನರಸೀಪುರ ಮೇಲೆ ರೈಲಿದೆ. ಬಸ್ಸಾದರೆ ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ. ಪೂರ್ತಿ ಪರೀಕ್ಷೆ ಅಲ್ಲಿ ಮಾಡಿಸಿ, ಮನೆಯಲ್ಲಿ ಏನು ಮಾಡಬೇಕು ಅಂತ ಬರೆಸಿಕೊಂಡು, ವಾರದ ಥೆರಪಿ ಹತ್ತಿರದಲ್ಲೇ ಮಾಡಿಸುವವರು ಬಹಳ ಜನ ಇದ್ದಾರೆ.

ಖಾಸಗಿ ಥೆರಪಿಸ್ಟ್ ಹತ್ತಿರ ಹೋಗುವುದಾದರೆ ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ ನೋಂದಣಿ ಸಂಖ್ಯೆ ಕೇಳಿ. ಕೇಳಲು ಸಂಕೋಚ ಬೇಡ. ಬೋರ್ಡ್ ಹಾಕಿಕೊಂಡವರೆಲ್ಲ ಓದಿದವರಲ್ಲ.

ಹೊಳೆನರಸೀಪುರ ಅಜ್ಜಿ:
ನನ್ನ ಮೊಮ್ಮಗ ಬರೆದುಕೊಡುತ್ತಿದ್ದಾನೆ, ಮಾತು ನನ್ನದು. ಬಜೆ ತೇಯ್ದು ಹಚ್ಚುವುದು ನಮ್ಮಲ್ಲೂ ಇತ್ತು. ನಮ್ಮ ಮನೆಯ ಕೂಸಿಗೆ ಮಕ್ಕಳ ಡಾಕ್ಟರು ಬೇಡ ಅಂದರು, ವರ್ಷ ತುಂಬುವ ಮುಂಚೆ ಜೇನುತುಪ್ಪವಂತೂ ನೆಕ್ಕಿಸಲೇಬಾರದು, ಕೂಸಿನ ಜೀವಕ್ಕೇ ಅಪಾಯ ಅಂದರು. ಬಿಟ್ಟೆವು. ಮೂಡಿಗೆರೆ ತಾಯಿ, ನಿಮ್ಮ ಅತ್ತೆಯ ಹತ್ತಿರ ಜಗಳ ಆಡಬೇಡಮ್ಮ. ಅವರಿಗೂ ಮೊಮ್ಮಗಳು ಮಾತಾಡಲಿ ಅಂತಲೇ ಆಸೆ. ಅವರಿಗೊಂದು ಕೆಲಸ ಕೊಡು. ಕೂಸನ್ನು ತೊಡೆ ಮೇಲೆ ಎದುರು ಮುಖ ಮಾಡಿ ಕೂರಿಸಿಕೊಂಡು, ಚಪ್ಪಾಳೆ ತಟ್ಟಿ, ಕಾಗೆ ತೋರಿಸಿ, ಕರು ತೋರಿಸಿ ಮಾತಾಡಲಿ. ನಮಗೆ ಅದು ಚೆನ್ನಾಗಿ ಬರುತ್ತದೆ.

ಸ್ಪೀಚ್ ಥೆರಪಿಸ್ಟ್, ಹಾಸನ:
ಅಜ್ಜಿ, ನಾನು ಹೇಳುವುದಕ್ಕಿಂತ ಚೆನ್ನಾಗಿ ಹೇಳಿದಿರಿ. ಒಂದೇ ಒಂದು ಸೇರಿಸುತ್ತೇನೆ. ಮಗುವಿಗೆ ಪದೇ ಪದೇ "ಇದೇನು? ಹೇಳು, ಹೇಳು" ಅನ್ನಬೇಡಿ. ಅದು ಪರೀಕ್ಷೆ ಆಗುತ್ತದೆ, ಮಗು ಮುಖ ತಿರುಗಿಸುತ್ತದೆ. "ಕಾಗೆ! ಕಾಗೆ ಬಂತು" ಅಂತ ನೀವೇ ಹೇಳಿ, ಆಮೇಲೆ ಸುಮ್ಮನಿದ್ದು ನೋಡಿ. ಅದು "ಕಾ" ಅಂದರೆ "ಹೂಂ, ಕಾಗೆ ಹೋಯ್ತು" ಅಂತ ಒಂದು ಪದ ಜಾಸ್ತಿ ಸೇರಿಸಿ ವಾಪಸ್ ಕೊಡಿ. ಆಗ ಟಿವಿ ಆಫ್ ಇರಲಿ.

ಮನೆಯವರ ಫೋಟೋ ಹಾಕಿ ಒಂದು ಪುಟ್ಟ ಆಲ್ಬಂ ಮಾಡಿ. ಪುಟಕ್ಕೆ ಒಂದೇ ಫೋಟೋ, ಕೆಳಗೆ ದೊಡ್ಡ ಅಕ್ಷರದಲ್ಲಿ ಅಮ್ಮ, ಅಜ್ಜಿ, ನಾಯಿ ಅಂತ ಬರೆಯಿರಿ. ಓದು ಬರುವ ವಯಸ್ಸಲ್ಲ ಅಂತ ಬಿಡಬೇಡಿ. ನೋಡಿ ಕಲಿಯುವ ಮಕ್ಕಳಿಗೆ ಬರೆದ ಪದ ಕಣ್ಣೆದುರು ನಿಲ್ಲುತ್ತದೆ, ಆಡಿದ ಪದ ಹಾರಿಹೋಗುತ್ತದೆ. ಮೂರು ನಾಲ್ಕು ವರ್ಷಕ್ಕೇ ಹೀಗೆ ಪದ ಗುರುತಿಸಿ, ಅದರಿಂದಲೇ ಎರಡು ಪದ ಕೂಡಿಸಿ ಮಾತಾಡಲು ಕಲಿತ ಮಕ್ಕಳಿದ್ದಾರೆ.

ಸಕಲೇಶಪುರ ರೈಟರ್:
ತಂಗಿಗೆ ಫೋನಿನಲ್ಲಿ ರೊಟ್ಟಿ ಕಥೆ ಓದಿ ಹೇಳಿದೆ ಸರ್. ಹಗಲು ಹುಡುಗನನ್ನು ನೋಡಿಕೊಳ್ಳುವುದು ನಮ್ಮಮ್ಮ. ಮುಂದಿನ ಸಲ ಅವರನ್ನೇ ಹಾಸನಕ್ಕೆ ಕಳಿಸುತ್ತೇವೆ. ಅಂಗವಿಕಲರ ಕಾರ್ಡ್ ಇಲ್ಲದಿದ್ದರೆ ಥೆರಪಿ ಕೊಡುತ್ತಾರಾ?

ಅರಸೀಕೆರೆ ಅಂಗನವಾಡಿ:
ಥೆರಪಿಗೆ ಕಾರ್ಡ್ ಬೇಕಿಲ್ಲ, ಅದಕ್ಕೆ ಕಾಯಬೇಡಿ. ಜೊತೆಜೊತೆಗೆ ಯುಡಿಐಡಿಗೆ, ಅಂದರೆ ಆ ಅಂಗವಿಕಲರ ಕಾರ್ಡಿಗೆ, ಅರ್ಜಿ ಹಾಕಿ. ಚಿಕ್ಕ ಮಕ್ಕಳಿಗೆ ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟು ದೊಡ್ಡವರಾದ ಮೇಲೆ ಮತ್ತೆ ನೋಡುವುದುಂಟು. ಪ್ರಮಾಣಪತ್ರ ಇದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಗೆ ಸೇರಿಸಬಹುದು. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ, ಥೆರಪಿ ಖರ್ಚೂ ಅದರೊಳಗೆ ಬರುತ್ತದೆ. ಬಿಲ್ ಎಲ್ಲ ಜೋಪಾನ ಮಾಡಲು ಹೇಳಿ.

ಮೂಡಿಗೆರೆ ಅಮ್ಮ:
ಎಲ್ಲರಿಗೂ ಕೈ ಮುಗಿಯುತ್ತೇನೆ. ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಓದಿದೆ. ಅಜ್ಜಿಯ ಮಾತು ಬಂದಾಗ ಅವರು ಏನೂ ಹೇಳಲಿಲ್ಲ, ಎದ್ದು ಹೋಗಿ ಮಗಳನ್ನು ಎತ್ತಿಕೊಂಡು ಕೊಟ್ಟಿಗೆ ಕಡೆ ಹೋದರು, ಕರು ತೋರಿಸಲು. ಸೋಮವಾರ ಹಾಸನಕ್ಕೆ ಹೋಗಿ ಮೊದಲು ಕಿವಿ ಪರೀಕ್ಷೆ ಮಾಡಿಸುತ್ತೇವೆ. ಈಗ ಮಗಳಿಗೆ ಸ್ವಲ್ಪ ನೆಗಡಿ ಇದೆ. ವಾಸಿಯಾದ ಮೇಲೆ ಹೋಗಬೇಕಾ?

ಸ್ಪೀಚ್ ಥೆರಪಿಸ್ಟ್, ಹಾಸನ:
ಜ್ವರ ಇಲ್ಲದಿದ್ದರೆ ಹೋಗಿ. ನೆಗಡಿ ಇರುವುದನ್ನು ಮೊದಲೇ ಹೇಳಿ. ನೀರು ಕಂಡರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ, ನೆಗಡಿ ಹೋದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡುತ್ತಾರೆ. "ದೊಡ್ಡವಳಾದ ಮೇಲೆ ಸರಿಹೋಗುತ್ತದೆ" ಅಂದರೆ ಮುಂದಿನ ತಾರೀಕು ಬರೆಸಿಕೊಳ್ಳದೆ ಎದ್ದು ಬರಬೇಡಿ.

ಬೇಲೂರು ಅಪ್ಪ:
ಅಕ್ಕ, ಹೋಗುವಾಗ ಹೃದಯದ ಆಪರೇಷನ್ನಿನ ಡಿಸ್ಚಾರ್ಜ್ ಕಾಗದ, ಎಕೋ ರಿಪೋರ್ಟ್, ಕ್ರೋಮೋಸೋಮ್ ರಿಪೋರ್ಟ್, ಹುಟ್ಟಿದಾಗಿನ ಕಿವಿ ರಿಪೋರ್ಟ್, ತಾಯಿ ಕಾರ್ಡ್ ಎಲ್ಲ ಒಂದೇ ಫೈಲಿನಲ್ಲಿ ಹಾಕಿ, ಎರಡೆರಡು ಜೆರಾಕ್ಸ್ ಇಟ್ಟುಕೊಳ್ಳಿ. ಬೆರಾ ಮಾಡುತ್ತೇವೆ ಅಂದರೆ ಮಲಗಿಸಲು ಅವಳ ಕಂಬಳಿ, ಹಾಲು ಬೇಕಾಗುತ್ತದೆ. ನಿದ್ದೆಗೆ ಔಷಧಿ ಕೊಡುವ ಮಾತು ಬಂದರೆ ಹೃದಯದ ಆಪರೇಷನ್ ಆಗಿದೆ ಅಂತ ಮರೆಯದೆ ಹೇಳಿ. ಬೇಲೂರು ಮೇಲೆಯೇ ಬರುತ್ತೀರಲ್ಲ, ಏನಾದರೂ ಬೇಕಾದರೆ ಇಲ್ಲೇ ಮೆಸೇಜ್ ಹಾಕಿ, ನಾನು ಸೋಮವಾರ ಊರಲ್ಲೇ ಇರುತ್ತೇನೆ.